ಅಪ್‌ವರ್ಡ್ ಕಂಪ್ರೆಷನ್: ಯಾವ ಕೆಲಸಕ್ಕೆ ಯಾವ ದಾರಿ?

ಸಾಮಾನ್ಯ ಕಂಪ್ರೆಸರ್ ಜೋರಾದದ್ದನ್ನು ಅದುಮುತ್ತದೆ. ಅಪ್‌ವರ್ಡ್ ಕಂಪ್ರೆಷನ್ ಜೋರಾದದ್ದರ ತಂಟೆಗೆ ಹೋಗುವುದಿಲ್ಲ, ಮೆಲ್ಲಗಿರುವುದನ್ನು ಮೇಲೆತ್ತುತ್ತದೆ. ಪಿಸುಮಾತು ಕಿವಿಗೆ ಬೀಳುತ್ತದೆ, ಸ್ನೇರ್ ಡ್ರಮ್‌ನ ಪೆಟ್ಟು ಪೆಟ್ಟಾಗಿಯೇ ಉಳಿಯುತ್ತದೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ತೊಡಕು ಶುರುವಾಗುವುದು ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಉಪಕರಣ) ಆರಿಸುವಾಗ. ಒಂದರಲ್ಲಿ ಅದಕ್ಕೆಂದೇ ಮೋಡ್ ಇದೆ. ಇನ್ನೊಂದರಲ್ಲಿ ರೇಂಜ್ ನಾಬನ್ನು (ಸದ್ದು ಹೆಚ್ಚೆಂದರೆ ಎಷ್ಟು ಏರಬಹುದು, ಇಳಿಯಬಹುದು ಎಂದು ಹೇಳುವುದು) ಪ್ಲಸ್ ಕಡೆಗೆ ತಿರುಗಿಸಬೇಕು. ಮತ್ತೊಂದರಲ್ಲಿ ಬರೀ ಎರಡು ಫೇಡರ್. ಇದ್ಯಾವುದೂ ಬೇಡ, ಪ್ಯಾರಲಲ್ ಕಂಪ್ರೆಷನ್ ಸಾಕು ಎನ್ನುವವರೂ ಇದ್ದಾರೆ.

ಇವುಗಳಲ್ಲಿ ಯಾವುದರ ಸೌಂಡ್ ಚೆನ್ನ ಅಂತ ನೋಡುವ ಮೊದಲು ನಾನು ಬೇರೆಯದೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಸದ್ದು ಕಡಿಮೆಯಾದಷ್ಟೂ ಗೇನ್, ಅಂದರೆ ಸದ್ದನ್ನು ಎತ್ತುವ ಪ್ರಮಾಣ, ಏರುತ್ತಲೇ ಹೋಗುತ್ತದಲ್ಲ, ಅದು ಎಲ್ಲಿ ನಿಲ್ಲುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಆಯ್ಕೆ ಮುಕ್ಕಾಲು ಮುಗಿದ ಹಾಗೆ.

ಮೊದಲು ಸ್ವಲ್ಪ ಲೆಕ್ಕ

ಥ್ರೆಶೋಲ್ಡ್ (ಕೆಲಸ ಶುರುವಾಗುವ ಗೆರೆ) −30 ಡಿಬಿ (ಡೆಸಿಬೆಲ್, ಸೊನ್ನೆ ಅಂದರೆ ಅತಿ ಜೋರು), ರೇಷಿಯೋ (ಗೆರೆಯಿಂದ ಇರುವ ಅಂತರವನ್ನು ಎಷ್ಟು ಕುಗ್ಗಿಸಬೇಕು ಎಂಬುದು) 2:1 ಅಂತ ಇಟ್ಟುಕೊಳ್ಳಿ. −30ಕ್ಕಿಂತ ಮೇಲಿರುವ ಸದ್ದು ಇದ್ದ ಹಾಗೇ ಹೊರಬರುತ್ತದೆ. −50ರಲ್ಲಿರುವ ಮೆಲು ಮಾತು ಥ್ರೆಶೋಲ್ಡ್‌ಗಿಂತ 20 ಡಿಬಿ ಕೆಳಗಿದೆ. 2:1 ಆ ಅಂತರವನ್ನು ಅರ್ಧ ಮಾಡುತ್ತದೆ. ಮಾತು −40ಕ್ಕೆ ಬರುತ್ತದೆ, ಅಂದರೆ 10 ಡಿಬಿ ಏರಿಕೆ. ನಮಗೆ ಬೇಕಿದ್ದದ್ದು ಇಷ್ಟೇ. ಆದರೆ ಮಾತು ನಿಂತಾಗ ಹಿಂದೆ ಕೇಳುವ ಫ್ಯಾನ್ ಸದ್ದು −80ರಲ್ಲಿದೆ ಅನ್ನಿ. ಅದು −55ಕ್ಕೆ ಏರುತ್ತದೆ. ಮಾತಿಗೆ 10 ಡಿಬಿ, ಫ್ಯಾನಿಗೆ 25 ಡಿಬಿ! ರೇಷಿಯೋ ಒಂದನ್ನೇ ನಂಬಿದರೆ ಆಗುವುದು ಹೀಗೆ. ಗೇನ್‌ಗೆ ಒಂದು ಮಿತಿ ಬೇಕೇ ಬೇಕು. ಒಂದೊಂದು ದಾರಿ ಆ ಮಿತಿಯನ್ನು ಒಂದೊಂದು ಥರ ಹಾಕುತ್ತದೆ, ಕೆಲವು ಹಾಕುವುದೇ ಇಲ್ಲ.

ಸಾಮಾನ್ಯ ಕಂಪ್ರೆಸರ್‌ಗೆ ಮೇಕಪ್ ಗೇನ್ (ಅದುಮಿದ ಮೇಲೆ ಇಡೀ ಸದ್ದಿಗೆ ಕೊಡುವ ಏರಿಕೆ) ಕೊಟ್ಟರೆ ಇದೇ ಆಗುವುದಿಲ್ಲವೇ ಎಂದು ಕೇಳುವವರು ಬಹಳ. ಅರ್ಧ ಆಗುತ್ತದೆ. ಥ್ರೆಶೋಲ್ಡ್ −60, ರೇಷಿಯೋ 2:1, ಮೇಕಪ್ 15 ಡಿಬಿ ಇಟ್ಟು ನೋಡಿ. −50ರಲ್ಲಿದ್ದದ್ದು −40ಕ್ಕೆ ಬರುತ್ತದೆ, −30ರಲ್ಲಿದ್ದದ್ದು ಅಲ್ಲೇ ಉಳಿಯುತ್ತದೆ. ಇಲ್ಲಿಯವರೆಗೆ ಮೇಲಿನ ಲೆಕ್ಕವೇ. ಆದರೆ −10ರಲ್ಲಿದ್ದದ್ದು −20ಕ್ಕೆ ಇಳಿಯುತ್ತದೆ. ಪೀಕ್‌ಗಳು, ಅಂದರೆ ಅತಿ ಜೋರಿನ ತುದಿಗಳು, 10 ಡಿಬಿ ಅದುಮಿಹೋದವು. ಇದರಲ್ಲೂ ಒಂದು ಒಳ್ಳೆಯ ಗುಣವಿದೆ: −60ಕ್ಕಿಂತ ಕೆಳಗೆ ಎಷ್ಟೇ ಇಳಿದರೂ ಏರಿಕೆ 15ಕ್ಕೇ ನಿಲ್ಲುತ್ತದೆ. ದನಿ ಎಲ್ಲ ಕಡೆ ಒಂದೇ ಮಟ್ಟದಲ್ಲಿದ್ದರೆ ಸಾಕು, ಪೀಕ್‌ಗಳ ಜೀವಂತಿಕೆ ಬೇಡ ಎನ್ನುವ ಕೆಲಸಗಳಿಗೆ ಇದು ಸಾಕಾಗುತ್ತದೆ. ಸಂಗೀತಕ್ಕೆ ಸಾಮಾನ್ಯವಾಗಿ ಸಾಲದು.

ಪ್ಯಾರಲಲ್: ಮಿತಿ ತಾನಾಗಿಯೇ ಬರುತ್ತದೆ

ಹೊಸ ಪ್ಲಗಿನ್ ಏನೂ ಬೇಡದ ದಾರಿ ಇದು. ಮೂಲ ಟ್ರ್ಯಾಕ್ ಹಾಗೇ ಇರಲಿ. ಅದರ ನಕಲೊಂದನ್ನು ಬಸ್‌ಗೆ (ಮಿಕ್ಸರ್‌ನ ಇನ್ನೊಂದು ಚಾನಲ್‌ಗೆ) ಕಳಿಸಿ, ಅಲ್ಲಿ ಚೆನ್ನಾಗಿ ಹಿಂಡಿ, ಮೂಲದ ಜೊತೆ ಬೆರೆಸಿ. ಕಂಪ್ರೆಸರ್‌ನಲ್ಲೇ ಮಿಕ್ಸ್ ನಾಬ್ ಇದ್ದರೆ ಬಸ್ ಕೂಡ ಬೇಡ.

ಇದು ಅಪ್‌ವರ್ಡ್ ಹೇಗಾಗುತ್ತದೆ ಅಂತ ಅಂಕಿಗಳಲ್ಲೇ ನೋಡೋಣ. ಬಸ್‌ನ ಥ್ರೆಶೋಲ್ಡ್ −40, ರೇಷಿಯೋ ಲಿಮಿಟರ್‌ನಷ್ಟು (ಗೆರೆ ದಾಟಲು ಬಿಡದಷ್ಟು), ಮೇಕಪ್ 10 ಡಿಬಿ. ಈಗ ಬಸ್‌ನಿಂದ −30ಕ್ಕಿಂತ ಜೋರಾಗಿ ಏನೂ ಬರುವುದಿಲ್ಲ. ಮೂಲದಲ್ಲಿ −50ರ ಸದ್ದಿಗೆ ಬಸ್‌ನ −40 ಸೇರಿದರೆ ಒಟ್ಟು ಸುಮಾರು 12.4 ಡಿಬಿ ಏರಿಕೆ. ಮೂಲ −30ರಲ್ಲಿದ್ದರೆ ಬಸ್ಸೂ −30, ಏರಿಕೆ 6 ಡಿಬಿ. ಮೂಲ −20ಕ್ಕೆ ಹೋದರೆ 2.4, −10ಕ್ಕೆ ಹೋದರೆ 0.8 ಡಿಬಿ ಅಷ್ಟೇ. ಜೋರಾದಾಗ ಬಸ್ ಹಿಂದೆ ಸರಿಯುತ್ತದೆ, ಮೆಲ್ಲಗಾದಾಗ ಮುಂದೆ ಬರುತ್ತದೆ. ನಡುವೆ ಎಲ್ಲೂ ಮುರಿದ ಹಾಗೆ ಕೇಳುವುದಿಲ್ಲ. −80ರ ಫ್ಯಾನ್ ಸದ್ದಿಗೂ ಸಿಗುವುದು ಅದೇ 12.4, ಅದಕ್ಕಿಂತ ಒಂದು ಚೂರೂ ಜಾಸ್ತಿ ಇಲ್ಲ. ರೇಂಜ್ ನಾಬ್ ಇಲ್ಲದೆಯೇ ಮಿತಿ ಬಂತು. ಮಿತಿಯನ್ನು ಬದಲಿಸುವುದೂ ಸುಲಭ: ಬಸ್ ಫೇಡರ್ ಎಳೆದರಾಯಿತು.

1960ರ ದಶಕದ ನಡುವಿನಲ್ಲಿ ಬಂದ ಡಾಲ್ಬಿ ಎ ನಾಯ್ಸ್ ರಿಡಕ್ಷನ್ ರೆಕಾರ್ಡಿಂಗ್ ಹೊತ್ತಿನಲ್ಲಿ ಮಾಡುತ್ತಿದ್ದದ್ದೂ ಇದೇ ಉಪಾಯ. ಮುಖ್ಯ ಸಿಗ್ನಲ್ ಹಾಗೇ ಹೋಗುತ್ತಿತ್ತು. ಪಕ್ಕದ ದಾರಿಯಲ್ಲಿ ಮಿತಿಗೆ ಒಳಪಟ್ಟ ಸಿಗ್ನಲ್ ಬಂದು ಅದಕ್ಕೆ ಸೇರುತ್ತಿತ್ತು. ಮೆಲ್ಲಗಿನ ಸದ್ದು 10 ಡಿಬಿ ಏರುತ್ತಿತ್ತು, ತೀರಾ ಮೇಲಿನ ಫ್ರೀಕ್ವೆನ್ಸಿಗಳಲ್ಲಿ 15ರವರೆಗೆ. ಟೇಪ್ ಕೇಳಿಸುವಾಗ ಅಷ್ಟನ್ನೇ ಇಳಿಸಿದರೆ ಟೇಪಿನ ಹಿಸ್ (ಸುಂಯ್ ಎನ್ನುವ ಸದ್ದು) ಕೂಡ ಇಳಿಯುತ್ತಿತ್ತು. ಕೆಲವು ಎಂಜಿನಿಯರ್‌ಗಳು ಬೇಕೆಂದೇ ಇಳಿಸುವ ಹಂತವನ್ನು ಬಿಟ್ಟುಬಿಟ್ಟು, ಹಾಡುಗಾರರ ದನಿಗೆ ಉಸಿರು ಬೆರೆತ ಹೊಳಪು ತಂದುಕೊಳ್ಳುತ್ತಿದ್ದರು. ಇವತ್ತು ಅದನ್ನು ಅನುಕರಿಸುವ ಪ್ಲಗಿನ್‌ಗಳೂ ಇವೆ.

ಪ್ಯಾರಲಲ್‌ನಲ್ಲಿ ಎಡವುವುದು ಎರಡು ಕಡೆ. ಒಂದು, ಅಟ್ಯಾಕ್, ಅಂದರೆ ಸದ್ದು ಜೋರಾದ ಮೇಲೆ ಕಂಪ್ರೆಸರ್ ಎಷ್ಟು ಬೇಗ ಗೇನ್ ಇಳಿಸುತ್ತದೆ ಎಂಬುದು. ಡ್ರಮ್ಸ್‌ಗೆ ಪ್ಯಾರಲಲ್ ಮಾಡುವಾಗ ತುಂಬ ಜನ ಅಟ್ಯಾಕ್ ನಿಧಾನ ಇಡುತ್ತಾರೆ, ಪೆಟ್ಟು ಇನ್ನೂ ಜೋರಾಗಲಿ ಅಂತ. ಅದು ಬೇರೆ ಉದ್ದೇಶ. ನಿಧಾನದ ಅಟ್ಯಾಕ್‌ನಲ್ಲಿ ಪೆಟ್ಟಿನ ಮೊದಲ ಚೂರು ಮೇಕಪ್ ಗೇನ್ ಸಮೇತ ದಾಟಿಬಿಡುತ್ತದೆ, ಪೀಕ್ ಮೇಲೇರುತ್ತದೆ. ಅಪ್‌ವರ್ಡ್ ಪರಿಣಾಮ ಬೇಕಿದ್ದರೆ ಬಸ್‌ನ ಅಟ್ಯಾಕ್ 1 ಮಿಲಿಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಇರಲಿ. ಎರಡು, ಟೈಮಿಂಗ್. ಬಸ್‌ನ ಸದ್ದು ಮೂಲಕ್ಕಿಂತ ಒಂದೆರಡು ಮಿಲಿಸೆಕೆಂಡ್ ತಡವಾದರೂ ಕೋಂಬ್ ಫಿಲ್ಟರಿಂಗ್ (ಕೆಲವು ಫ್ರೀಕ್ವೆನ್ಸಿಗಳು ಒಂದನ್ನೊಂದು ಅಳಿಸುವುದು) ಶುರು, ದನಿ ಪೈಪಿನೊಳಗಿಂದ ಬಂದ ಹಾಗೆ ಆಗುತ್ತದೆ. ಸಾಮಾನ್ಯವಾಗಿ ಡಿಎಡಬ್ಲ್ಯು (ರೆಕಾರ್ಡಿಂಗ್ ಸಾಫ್ಟ್‌ವೇರ್) ತಾನೇ ಈ ತಡವನ್ನು ಸರಿದೂಗಿಸುತ್ತದೆ. ಆದರೂ ಲುಕ್‌ಅಹೆಡ್ (ತುಸು ತಡ ಮಾಡಿ ಮುಂದೆ ಬರುವ ಸದ್ದನ್ನು ಮೊದಲೇ ನೋಡುವುದು) ಇರುವ ಪ್ಲಗಿನ್ ಹಾಕಿದಾಗ ಒಮ್ಮೆ ಪರೀಕ್ಷಿಸಿ: ಬಸ್‌ನಲ್ಲಿ ಕಂಪ್ರೆಷನ್ ಏನೂ ಆಗದ ಹಾಗೆ ಥ್ರೆಶೋಲ್ಡ್ ಮೇಲಕ್ಕೆತ್ತಿ, ಮೇಕಪ್ ಸೊನ್ನೆ ಮಾಡಿ, ಫೇಸ್ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ), ಫೇಡರ್ ಸಮ ಮಾಡಿ. ಎರಡೂ ಸೇರಿ ಪೂರ್ತಿ ಮೌನವಾದರೆ ಟೈಮಿಂಗ್ ಸರಿ ಇದೆ. ಬಣ್ಣ ಸೇರಿಸುವ ವಿಂಟೇಜ್ ಮಾದರಿಯ ಕಂಪ್ರೆಸರ್‌ನಲ್ಲಿ ಪೂರ್ತಿ ಮೌನ ಬರುವುದಿಲ್ಲ, ಅದಕ್ಕೆ ಗಾಬರಿ ಬೇಡ.

ಯಾವುದು ಗೊತ್ತಾಗದಿದ್ದರೂ ಮೊದಲು ಇದನ್ನೇ ಪ್ರಯತ್ನಿಸಿ ಎಂದು ನಾನು ಹೇಳುತ್ತೇನೆ. ಡ್ರಮ್ಸ್, ಗಿಟಾರ್, ಹಾಡುಗಾರಿಕೆ, ಮೂರಕ್ಕೂ ಒಗ್ಗುತ್ತದೆ.

ಥ್ರೆಶೋಲ್ಡ್ ಮತ್ತು ರೇಂಜ್ ಇರುವ ಪ್ಲಗಿನ್‌ಗಳು

ಲೆಕ್ಕ ನಿಮ್ಮ ಕೈಯಲ್ಲೇ ಇರಬೇಕು ಅಂದರೆ ಈ ಗುಂಪು. ಫ್ಯಾಬ್‌ಫಿಲ್ಟರ್ ಪ್ರೊ-ಎಂಬಿಯಲ್ಲಿ ಕಂಪ್ರೆಸ್, ಎಕ್ಸ್‌ಪ್ಯಾಂಡ್ ಎಂಬ ಎರಡು ಮೋಡ್‌ಗಳಿವೆ, ರೇಂಜ್ ಪ್ಲಸ್ ಕಡೆಗೂ ಹೋಗುತ್ತದೆ, ಮೈನಸ್ ಕಡೆಗೂ ಹೋಗುತ್ತದೆ. ಕಂಪ್ರೆಸ್ ಮೋಡ್ ಇಟ್ಟು ರೇಂಜನ್ನು ಪ್ಲಸ್ ಮಾಡಿದರೆ ಅದೇ ಅಪ್‌ವರ್ಡ್ ಕಂಪ್ರೆಷನ್. ಎಕ್ಸ್‌ಪ್ಯಾಂಡ್ ಮೋಡ್‌ನಲ್ಲಿ ರೇಂಜ್ ಪ್ಲಸ್ ಮಾಡಿದರೆ ಜೋರಾದದ್ದು ಇನ್ನೂ ಜೋರಾಗುತ್ತದೆ. ಇವೆರಡನ್ನು ಅದಲು ಬದಲು ಮಾಡಿಕೊಂಡವರು ಕಡಿಮೆಯೇನಿಲ್ಲ. ಹೆಸರಿನ ಎಂಬಿ ಅಂದರೆ ಮಲ್ಟಿಬ್ಯಾಂಡ್ (ಸದ್ದನ್ನು ಫ್ರೀಕ್ವೆನ್ಸಿ ಭಾಗಗಳಾಗಿ, ಅಂದರೆ ಬ್ಯಾಂಡ್‌ಗಳಾಗಿ, ಒಡೆಯುವುದು) ಆದರೂ ಒಂದೇ ಬ್ಯಾಂಡನ್ನು ಈ ತುದಿಯಿಂದ ಆ ತುದಿಗೆ ಎಳೆದು ಇಡೀ ಸದ್ದಿಗೆ ಬಳಸಬಹುದು.

ಎಲ್‌ಎಸ್‌ಪಿ ಕಂಪ್ರೆಸರ್ ಓಪನ್ ಸೋರ್ಸ್, ಉಚಿತ. ಅದರಲ್ಲಿ ಡೌನ್‌ವರ್ಡ್, ಅಪ್‌ವರ್ಡ್, ಬೂಸ್ಟಿಂಗ್ ಅಂತ ಮೋಡ್‌ಗಳು ನೇರವಾಗಿ ಹೆಸರು ಹೊತ್ತೇ ಇವೆ. ಅಪ್‌ವರ್ಡ್ ಮೋಡ್‌ನಲ್ಲಿ ಬೂಸ್ಟ್ ಥ್ರೆಶೋಲ್ಡ್ ಎಂಬ ಎರಡನೇ ಗೆರೆ ಸಿಗುತ್ತದೆ. ಅದಕ್ಕಿಂತ ಕೆಳಗೆ ಗೇನ್ ಮತ್ತೆ ಏರುವುದಿಲ್ಲ. ಬೂಸ್ಟಿಂಗ್ ಮೋಡ್‌ನಲ್ಲಿ ಎಷ್ಟು ಡಿಬಿ ಏರಬೇಕು ಅಂತ ನೇರವಾಗಿ ಹೇಳಿಬಿಡಬಹುದು. ಪರದೆ ತುಂಬ ನಾಬ್‌ಗಳು, ಮೊದಲ ಸಲ ನೋಡಿದವರಿಗೆ ತಲೆ ತಿರುಗುತ್ತದೆ. ಆದರೆ ಗ್ರಾಫ್ ಸ್ಪಷ್ಟವಾಗಿದೆ. ಇದನ್ನು ಕಲಿಯಲು ದುಡ್ಡು ಹಾಕಬೇಕಿಲ್ಲ.

ಮಾತಿನ ರೆಕಾರ್ಡಿಂಗ್ ಒಂದಕ್ಕೆ ಸೆಟ್ ಮಾಡುವ ಬಗೆ ಹೀಗೆ. ಮೊದಲು ಮೀಟರ್ ನೋಡಿಕೊಂಡು ಸುಮ್ನೆ ಕೇಳಿ. ವಾಕ್ಯದ ಕೊನೆಯಲ್ಲಿ ದನಿ ಇಳಿದು ಪದಗಳು ನುಂಗಿಹೋಗುವ ಜಾಗ ಹುಡುಕಿ. ಅಲ್ಲಿ ಮೀಟರ್ −38ರ ಆಸುಪಾಸಿನಲ್ಲಿದ್ದರೆ ಥ್ರೆಶೋಲ್ಡ್ ಅದಕ್ಕಿಂತ ಸ್ವಲ್ಪ ಮೇಲೆ, −28ಕ್ಕೆ ಇಡಿ. ರೇಷಿಯೋ 2:1. ಆ ಪದಗಳಿಗೆ 5 ಡಿಬಿ ಸಿಗುತ್ತದೆ. ರೇಂಜ್ +6. ಈಗ ಉಸಿರು, ಫ್ಯಾನ್, ಕುರ್ಚಿ ಕಿರುಗುಟ್ಟುವುದು ಯಾವುದಕ್ಕೂ 6ಕ್ಕಿಂತ ಜಾಸ್ತಿ ಸಿಗಲ್ಲ. ಇಷ್ಟರಲ್ಲಿ ಉಸಿರು ಎದ್ದು ಕೇಳಿದರೆ ರೇಷಿಯೋ ಮುಟ್ಟಬೇಡಿ, ರೇಂಜನ್ನೇ 4ಕ್ಕೆ ಇಳಿಸಿ. ಹೊಸಬರು ಮಾಡುವುದು ಇದಕ್ಕೆ ತಿರುಗಾಮುರುಗ: ರೇಂಜನ್ನು ತುದಿಗೆ ಬಿಟ್ಟು ರೇಷಿಯೋ ಜೊತೆ ಗುದ್ದಾಡುತ್ತಾರೆ.

ಅಟ್ಯಾಕ್, ರಿಲೀಸ್: ಇಲ್ಲಿ ಅಭ್ಯಾಸ ಕೈಕೊಡುತ್ತದೆ

ಸಾಮಾನ್ಯ ಕಂಪ್ರೆಸರ್‌ನಲ್ಲಿ ಸದ್ದು ಜೋರಾದಾಗ ಕೆಲಸ ಶುರುವಾಗುತ್ತದೆ. ಇಲ್ಲಿ ಸದ್ದು ಜೋರಾದಾಗ ಕೆಲಸ ನಿಲ್ಲಬೇಕು. ಮಾತುಗಾರರು ಅರೆಕ್ಷಣ ಸುಮ್ಮನಾದರು ಅನ್ನಿ. ಗೇನ್ ಏರಿ +6ರಲ್ಲಿ ಕೂತಿದೆ. ಮುಂದಿನ ಪದ 'ಪ' ಅಕ್ಷರದಿಂದ ಜೋರಾಗಿ ಶುರುವಾಯಿತು. ಅಟ್ಯಾಕ್ 30 ಮಿಲಿಸೆಕೆಂಡ್ ಇದ್ದರೆ ಗೇನ್ ಇಳಿಯುವಷ್ಟರಲ್ಲಿ ಆ 'ಪ' ಬೂಸ್ಟ್ ಸಮೇತ ಹೊರಬಂದಿರುತ್ತದೆ. ಪೀಕ್‌ಗಳನ್ನು ಮುಟ್ಟುವುದಿಲ್ಲ ಅಂತ ಹೇಳಿಕೊಂಡ ಪ್ಲಗಿನ್ ಪೀಕ್‌ಗಳನ್ನೇ ಎತ್ತಿ ಕೊಟ್ಟಿತು. ಆದ್ದರಿಂದ ಅಟ್ಯಾಕ್ 1ರಿಂದ 5 ಮಿಲಿಸೆಕೆಂಡ್ ಒಳಗಿರಲಿ, ಲುಕ್‌ಅಹೆಡ್ ಇದ್ದರೆ ಹಾಕಿಕೊಳ್ಳಿ.

ರಿಲೀಸ್ ಅಂದರೆ ಸದ್ದು ಇಳಿದ ಮೇಲೆ ಗೇನ್ ಎಷ್ಟು ಬೇಗ ಏರುತ್ತದೆ ಎಂಬುದು. ತೀರಾ ಬೇಗ ಇಟ್ಟರೆ ಎರಡು ಪದಗಳ ನಡುವಿನ ಉಸಿರು ಚಿಮ್ಮಿ ಬರುತ್ತದೆ. 50 ಹರ್ಟ್ಜ್‌ನ ಒಂದು ಅಲೆಗೆ 20 ಮಿಲಿಸೆಕೆಂಡ್ ಬೇಕು. ರಿಲೀಸ್ ಅದಕ್ಕೂ ಕಡಿಮೆಯಿದ್ದರೆ ಗೇನ್ ಅಲೆಯ ಜೊತೆಗೇ ಏರಿಳಿದು ಬೇಸ್ ಒಡೆಯುತ್ತದೆ. ಮಾತಿಗೆ 150ರಿಂದ 300 ಮಿಲಿಸೆಕೆಂಡ್ ಸರಿಹೋಗುತ್ತದೆ. ಡ್ರಮ್ಸ್‌ನಲ್ಲಿ ತಾಳದ ಲೆಕ್ಕ ಹಿಡಿಯಿರಿ: 120 ಬಿಪಿಎಂನಲ್ಲಿ ಹದಿನಾರನೇ ಒಂದು ಭಾಗದ ನೋಟ್ 125 ಮಿಲಿಸೆಕೆಂಡ್. ಸ್ನೇರ್‌ನ ಸಣ್ಣ ಸಣ್ಣ ಗೋಸ್ಟ್ ನೋಟ್‌ಗಳು ಕೇಳಬೇಕಿದ್ದರೆ ರಿಲೀಸ್ ಇದಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಗೇನ್ ಏರುವ ಹೊತ್ತಿಗೆ ನೋಟ್ ಮುಗಿದಿರುತ್ತದೆ.

ಪ್ರೊ-ಎಂಬಿಯಂಥವುಗಳಲ್ಲಿ ಈ ನಾಬ್‌ಗಳು ಮಿಲಿಸೆಕೆಂಡ್‌ನಲ್ಲಿಲ್ಲ, ಶೇಕಡಾದಲ್ಲಿವೆ. ಅಲ್ಲಿ ಕಿವಿಯೇ ಗತಿ.

ಗೇನ್ ಏರಿಸಿಟ್ಟು ಕೆಳಗೆ ಎಳೆಯುವುದು: ಡೈನಾಮಿಕ್ ಈಕ್ಯೂ, ವೇವ್ಸ್ ಸಿ4

ಅಪ್‌ವರ್ಡ್ ಎಂಬ ಹೆಸರೇ ಇಲ್ಲದ ಪ್ಲಗಿನ್‌ಗಳಲ್ಲಿ ಈ ಉಪಾಯ. ಡೈನಾಮಿಕ್ ಈಕ್ಯೂ ಅಂದರೆ ಸದ್ದಿನ ಜೋರಿಗೆ ತಕ್ಕಂತೆ ಗೇನ್ ಬದಲಿಸುವ ಈಕ್ವಲೈಜರ್. ಬ್ಯಾಂಡ್‌ನ ಗೇನ್ +5 ಮಾಡಿ. ರೇಂಜ್ −5 ಮಾಡಿ. ಥ್ರೆಶೋಲ್ಡ್ ಚೆನ್ನಾಗಿ ಕೆಳಗಿಡಿ. ಮೆಲ್ಲಗಿದ್ದಾಗ 5 ಡಿಬಿ ಏರಿಕೆ ಪೂರ್ತಿ ಸಿಗುತ್ತದೆ, ಜೋರಾದಂತೆ ಅದು ಕರಗಿ ಸೊನ್ನೆಗೆ ಬರುತ್ತದೆ. ಗೇನ್ ಎಷ್ಟೋ ಅಷ್ಟೇ ಮಿತಿ. ವೇವ್ಸ್ ಸಿ4, ಲಿನ್‌ಎಂಬಿಗಳಲ್ಲಿ ಮಾಡುವುದು ಹೀಗೇ. ಫ್ಯಾಬ್‌ಫಿಲ್ಟರ್ ಪ್ರೊ-ಕ್ಯೂನ ಡೈನಾಮಿಕ್ ಬ್ಯಾಂಡ್‌ನಲ್ಲೂ ಆಗುತ್ತದೆ.

ಇಡೀ ಸದ್ದನ್ನು ಎತ್ತದೆ ಒಂದು ಭಾಗವನ್ನಷ್ಟೇ ಎತ್ತಬೇಕಾದಾಗ ಇದನ್ನು ಬಿಟ್ಟು ಬೇರೆ ದಾರಿ ನನಗೆ ರುಚಿಸುವುದಿಲ್ಲ. ಹಾಡುಗಾರಿಕೆಗೆ 8 ಕಿಲೋಹರ್ಟ್ಜ್‌ನಿಂದ ಮೇಲಕ್ಕೆ ಹೈ ಶೆಲ್ಫ್ (ಅಲ್ಲಿಂದ ಮೇಲಿನದೆಲ್ಲವನ್ನೂ ಒಟ್ಟಿಗೆ ಎತ್ತುವ ಈಕ್ಯೂ ಬ್ಯಾಂಡ್) ಹಾಕಿ +4 ಕೊಡಿ, ಡೈನಾಮಿಕ್ ರೇಂಜ್ −4 ಮಾಡಿ. ಮೆಲ್ಲಗೆ ಹಾಡುವಾಗ ಉಸಿರಿನ ಹೊಳಪು ಬರುತ್ತದೆ. ತಾರಸ್ಥಾಯಿಗೆ ಏರಿದಾಗ, ಅಥವಾ ಜೋರಾದ 'ಸ' ಬಂದಾಗ, ಅದು ಹಿಂದೆ ಸರಿಯುತ್ತದೆ. ಸಾಮಾನ್ಯ ಈಕ್ಯೂನಲ್ಲಿ ಅದೇ +4 ಕೊಟ್ಟಿದ್ದರೆ ಮುಂದೆ ಡೀಎಸ್ಸರ್ ('ಸ' ಸದ್ದನ್ನು ತಗ್ಗಿಸುವ ಪ್ಲಗಿನ್) ಒಂದು ಬೇಕಾಗುತ್ತಿತ್ತು.

ಎರಡು ಫೇಡರ್‌ನದು

ವೇವ್ಸ್ ಎಂವಿ2ನಲ್ಲಿ ಲೋ ಲೆವೆಲ್, ಹೈ ಲೆವೆಲ್ ಎಂಬ ಎರಡು ಫೇಡರ್‌ಗಳೇ ಮುಖ್ಯ. ಲೋ ಲೆವೆಲ್ ಎಳೆದರೆ ಮೆಲ್ಲಗಿನದು ಏರುತ್ತದೆ. ಅಟ್ಯಾಕ್, ರಿಲೀಸ್ ಕೇಳುವ ಹಾಗಿಲ್ಲ. ಅವಸರದ ಕೆಲಸಕ್ಕೆ ಒಳ್ಳೆಯದು. ನೆಚ್ಚಿಕೊಂಡು ಕಲಿಯಲು ಅಲ್ಲ, ಒಳಗೆ ಏನಾಗುತ್ತಿದೆ ಎಂಬುದೇ ಕಾಣುವುದಿಲ್ಲ.

ಓಟಿಟಿ: ಎಲ್ಲರ ಬಾಯಲ್ಲೂ ಇರುವುದು

ಏಬಲ್‌ಟನ್ ಲೈವ್ ಎಂಬ ಡಿಎಡಬ್ಲ್ಯುನ ಮಲ್ಟಿಬ್ಯಾಂಡ್ ಡೈನಾಮಿಕ್ಸ್‌ನಲ್ಲಿದ್ದ ಒಂದು ಪ್ರಿಸೆಟ್‌ನ (ಸಿದ್ಧ ಸೆಟ್ಟಿಂಗ್‌ನ) ಹೆಸರೇ ಓಟಿಟಿ. ಎಕ್ಸ್‌ಫರ್ ಅದನ್ನು ಉಚಿತ ಪ್ಲಗಿನ್ ಆಗಿ ಬಿಟ್ಟ ಮೇಲೆ ಎಲ್ಲ ಕಡೆ ಹರಡಿತು. ಮೂರು ಬ್ಯಾಂಡ್‌ಗಳು. ಪ್ರತಿಯೊಂದರಲ್ಲೂ ಜೋರಾದದ್ದು ಕೆಳಗೆ, ಮೆಲ್ಲಗಿನದು ಮೇಲೆ, ಒಟ್ಟಿಗೇ. ಸಿಂಥ್‌ಗಳಿಗೆ ಇದು ಹೇಳಿ ಮಾಡಿಸಿದ್ದು. ಸಿಂಥ್‌ನಲ್ಲಿ ಫ್ಯಾನ್ ಸದ್ದಿಲ್ಲ, ಉಸಿರಿಲ್ಲ, ಗೋಡೆಯ ಪ್ರತಿಧ್ವನಿಯಿಲ್ಲ. ಎಷ್ಟು ಎತ್ತಿದರೂ ಕೆಳಗಿನಿಂದ ಬರುವುದು ಸಿಂಥ್ ಸದ್ದೇ. ಹಾಗಾಗಿ ಮಿತಿಯ ಪ್ರಶ್ನೆ ಅಲ್ಲಿ ಅಷ್ಟಾಗಿ ಏಳುವುದಿಲ್ಲ. ಮೈಕ್‌ನಲ್ಲಿ ಹಿಡಿದ ದನಿಗೆ ಅದೇ ಸೆಟ್ಟಿಂಗ್ ಹಾಕಿ ನೋಡಿ, ಕೋಣೆಯೇ ಹಾಡತೊಡಗುತ್ತದೆ.

ಆದರೂ ದನಿಗೆ ಬೇಕೇ ಬೇಕು ಅಂದರೆ, ಎಕ್ಸ್‌ಫರ್‌ನದರಲ್ಲಿ ಡೆಪ್ತ್ 10ರಿಂದ 20 ಶೇಕಡಾ ಮೀರಿಸಬೇಡಿ. ಅಪ್‌ವರ್ಡ್, ಡೌನ್‌ವರ್ಡ್ ಎರಡಕ್ಕೂ ಬೇರೆ ಬೇರೆ ಶೇಕಡಾ ನಾಬ್ ಇವೆ. ಡೌನ್‌ವರ್ಡನ್ನು ಸೊನ್ನೆ ಮಾಡಿದರೆ ಶುದ್ಧ ಅಪ್‌ವರ್ಡ್ ಉಳಿಯುತ್ತದೆ. ಟೈಮ್ ನಾಬನ್ನು ಏರಿಸಿದರೆ ನಡುಕ ಕಡಿಮೆಯಾಗುತ್ತದೆ.

ಏಬಲ್‌ಟನ್ ಇದ್ದವರು ಪ್ರಿಸೆಟ್ ಮರೆತು ಮಲ್ಟಿಬ್ಯಾಂಡ್ ಡೈನಾಮಿಕ್ಸನ್ನೇ ನೇರವಾಗಿ ಬಳಸುವುದು ಮೇಲು. ಡಿಸ್‌ಪ್ಲೇಯಲ್ಲಿ ಎಡಗಡೆಯ ಬ್ಲಾಕ್ ಬಿಲೋ, ಬಲಗಡೆಯದು ಅಬೋವ್. ಎಡ ಬ್ಲಾಕ್‌ನ ಅಂಚನ್ನು ಎಳೆದು ಥ್ರೆಶೋಲ್ಡ್ ಇಡಿ, ಬ್ಲಾಕ್‌ನ ಒಳಗೆ ಮೌಸ್ ಒತ್ತಿ ಮೇಲಕ್ಕೆಳೆದು ರೇಷಿಯೋ ಇಡಿ. ಕೆಳಕ್ಕೆಳೆದರೆ ಅದು ಎಕ್ಸ್‌ಪ್ಯಾಂಡರ್ ಆಗಿಬಿಡುತ್ತದೆ. ಪರಿಣಾಮ ಜಾಸ್ತಿ ಅನ್ನಿಸಿದರೆ ಅಮೌಂಟ್ ನಾಬ್ ಇಳಿಸಿ. ಅದು ಡ್ರೈ (ಮೂಲ) ಸದ್ದನ್ನು ಬೆರೆಸುವುದಿಲ್ಲ, ರೇಷಿಯೋಗಳನ್ನೇ 1ರ ಕಡೆಗೆ ತರುತ್ತದೆ. ಈ ವ್ಯತ್ಯಾಸ ದೊಡ್ಡದು. ಮಲ್ಟಿಬ್ಯಾಂಡ್‌ನ ಕ್ರಾಸ್‌ಓವರ್‌ಗಳು (ಬ್ಯಾಂಡ್‌ಗಳನ್ನು ಬೇರ್ಪಡಿಸುವ ಫಿಲ್ಟರ್‌ಗಳು) ಫೇಸನ್ನು, ಅಂದರೆ ಅಲೆಗಳ ಹೊಂದಿಕೆಯನ್ನು, ತಿರುಗಿಸುತ್ತವೆ. ಹಾಗೆ ತಿರುಗಿದ ಸದ್ದನ್ನು ಮೂಲದ ಜೊತೆ ಬಸ್‌ನಲ್ಲಿ ಬೆರೆಸಿದರೆ ಕ್ರಾಸ್‌ಓವರ್ ಆಸುಪಾಸಿನಲ್ಲಿ ಸದ್ದು ಪೊಳ್ಳಾಗುತ್ತದೆ. ಪ್ಯಾರಲಲ್ ಮಾಡುವುದಿದ್ದರೆ ಒಂದೇ ಬ್ಯಾಂಡ್‌ನ ಕಂಪ್ರೆಸರ್ ಇರಲಿ.

ಯಾವುದೂ ಬೇಡದ ಸಂದರ್ಭಗಳು

ಪ್ರತಿಧ್ವನಿ ತುಂಬಿದ ಕೋಣೆಯಲ್ಲಿ ಮಾಡಿದ ರೆಕಾರ್ಡಿಂಗ್‌ಗೆ ಅಪ್‌ವರ್ಡ್ ಕಂಪ್ರೆಷನ್ ಹಾಕುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ. ಪ್ರತಿ ಪದದ ಹಿಂದೆ ಬರುವ ಬಾಲ ಮೆಲ್ಲಗಿನ ಸದ್ದೇ ತಾನೇ, ಮೊದಲು ಏರುವುದು ಅದೇ. ಅಲ್ಲಿ ಕ್ಲಿಪ್ ಗೇನ್ (ಟ್ರ್ಯಾಕ್‌ನ ತುಂಡೊಂದರ ಜೋರನ್ನಷ್ಟೇ ಬದಲಿಸುವುದು) ಹಿಡಿದು ಕೈಯಾರೆ ಪದ ಪದವಾಗಿ ಏರಿಸುವುದೇ ಸರಿ. ನಿಧಾನ, ಬೇಸರದ ಕೆಲಸ, ಆದರೆ ಪದ ಯಾವುದು, ಬಾಲ ಯಾವುದು ಅಂತ ನಿಮಗೆ ಗೊತ್ತು, ಪ್ಲಗಿನ್‌ಗೆ ಗೊತ್ತಿಲ್ಲ.

ಹಿಸ್ ಇದ್ದರೆ ನಾಯ್ಸ್ ರಿಡಕ್ಷನ್ ಮೊದಲು, ಅಪ್‌ವರ್ಡ್ ಆಮೇಲೆ. ಗೇಟ್ (ಮೆಲ್ಲಗಿನ ಸದ್ದನ್ನು ಮುಚ್ಚಿಬಿಡುವ ಪ್ಲಗಿನ್) ಹಾಕುವವರು ಒಂದು ವಿಷಯ ಗಮನಿಸಿ. ಗೇಟ್ ಪೂರ್ತಿ ಮುಚ್ಚಿ ಮೌನ ಮಾಡಿದರೆ, ಅದರ ನಂತರ ಇರುವ ಅಪ್‌ವರ್ಡ್ ಕಂಪ್ರೆಸರ್ ಆ ಮೌನದಲ್ಲಿ ಗೇನನ್ನು ತುದಿಗೇರಿಸಿಕೊಂಡು ಕಾಯುತ್ತಿರುತ್ತದೆ. ಮುಂದಿನ ಪದದ ಮೊದಲ ಅಕ್ಷರಕ್ಕೆ ಅದೆಲ್ಲ ಬಡಿಯುತ್ತದೆ. ಗೇಟ್ 10-12 ಡಿಬಿ ಇಳಿಸಿದರೆ ಸಾಕು.

ಮಾಸ್ಟರ್ ಬಸ್‌ನಲ್ಲಿ ನಾನು ರೇಂಜ್ 2 ಡಿಬಿ ದಾಟಿಸುವುದಿಲ್ಲ. ಅಲ್ಲಿ ಇದಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ ಮಿಕ್ಸ್‌ನಲ್ಲೇ ಯಾವುದೋ ಟ್ರ್ಯಾಕ್ ಕೆಳಗಿದೆ ಎಂದರ್ಥ. ಹೋಲಿಸಿ ಕೇಳುವಾಗ ಎರಡರ ಜೋರೂ ಸಮ ಮಾಡಿಕೊಳ್ಳಿ. ಮೆಲ್ಲಗಿನದು ಏರಿದರೆ ಒಟ್ಟು ಸದ್ದು ಏರುತ್ತದೆ, ಜೋರಾದದ್ದು ಕಿವಿಗೆ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ.

ಪ್ಲಗಿನ್ ಏನು ಮಾಡುತ್ತಿದೆ ಎಂದು ನೀವೇ ಅಳೆಯುವುದು

ಮ್ಯಾನ್ಯುಯಲ್ ಅರ್ಥವಾಗದಿದ್ದರೆ, ಅಥವಾ ನಂಬಿಕೆ ಬಾರದಿದ್ದರೆ, ಐದು ನಿಮಿಷದ ಪರೀಕ್ಷೆಯೊಂದಿದೆ. ಟೋನ್ ಜನರೇಟರ್‌ನಿಂದ 1 ಕಿಲೋಹರ್ಟ್ಜ್ ಸೈನ್ ಟೋನ್ ಮಾಡಿಕೊಳ್ಳಿ. ಅದನ್ನೇ −70, −60, −50, −40, −30, −20, −10 ಡಿಬಿಯಲ್ಲಿ ಮೂರು ಮೂರು ಸೆಕೆಂಡ್ ಸಾಲಾಗಿ ಜೋಡಿಸಿ. ಪ್ಲಗಿನ್ ಹಾಕಿ, ಆಮೇಲೆ ಮೀಟರ್ ಇಡಿ, ಪ್ರತಿ ಮೆಟ್ಟಿಲಲ್ಲೂ ಎಷ್ಟು ಏರಿತು ಅಂತ ಬರೆದುಕೊಳ್ಳಿ. ಮಲ್ಟಿಬ್ಯಾಂಡ್ ಆದರೆ 80 ಹರ್ಟ್ಜ್, 8 ಕಿಲೋಹರ್ಟ್ಜ್ ಟೋನ್‌ಗಳಲ್ಲೂ ಮಾಡಬೇಕು, 1 ಕಿಲೋಹರ್ಟ್ಜ್ ಒಂದು ಬ್ಯಾಂಡನ್ನಷ್ಟೇ ತೋರಿಸುತ್ತದೆ.

−10, −20ರಲ್ಲಿ ಏರಿಕೆ ಸೊನ್ನೆ ಬರಬೇಕು. ಇಳಿದಿದ್ದರೆ ಡೌನ್‌ವರ್ಡ್ ಕೂಡ ಸದ್ದಿಲ್ಲದೆ ನಡೆಯುತ್ತಿದೆ. −60ಕ್ಕೂ −70ಕ್ಕೂ ಏರಿಕೆ ಒಂದೇ ಇದ್ದರೆ ಮಿತಿ ಇದೆ, ಅದೇ ಆ ಪ್ಲಗಿನ್‌ನ ರೇಂಜ್. −70ರದ್ದು ಇನ್ನೂ ಜಾಸ್ತಿ ಇದ್ದರೆ ಮಿತಿ ಇಲ್ಲ. ಅಂಥದ್ದನ್ನು ಸಿಂಥ್‌ಗೆ ಇಟ್ಟುಕೊಳ್ಳಿ, ಮೈಕ್ ಟ್ರ್ಯಾಕ್‌ಗೆ ಪ್ಯಾರಲಲ್ ಬಸ್ ಮಾಡಿ. ಅದೇ ಟೋನ್‌ನಲ್ಲಿ −60ರಿಂದ ನೇರ −10ಕ್ಕೆ ಹಾರುವ ಒಂದು ಜಾಗವನ್ನೂ ಇಟ್ಟು ರೆಂಡರ್ ಮಾಡಿ, ವೇವ್‌ಫಾರ್ಮ್ ಹಿಗ್ಗಿಸಿ ನೋಡಿ. ಹಾರಿದ ಕೂಡಲೇ ಮೊದಲ ಕೆಲವು ಅಲೆಗಳು ಉಳಿದವಕ್ಕಿಂತ ಎತ್ತರವಾಗಿದ್ದರೆ ಅಟ್ಯಾಕ್ ಇನ್ನೂ ಕಡಿಮೆ ಮಾಡಬೇಕು. ಅದು ಆಗದ ಪ್ಲಗಿನ್ ಆದರೆ ಅದರ ನಂತರ ಲಿಮಿಟರ್ ಒಂದನ್ನು ಇಡಿ, ಆ ಅಲೆಗಳನ್ನಷ್ಟೇ ಹಿಡಿಯುವ ಹಾಗೆ.